ಏಳು ಸೆಂಟಿಮೀಟರ್ ಸಡಿಲ

ಟೈಲರಮ್ಮನ ಹೊಲಿಗೆಯ ಬಗ್ಗೆ ಆ ಬೀದಿಯಲ್ಲಿ ಎರಡು ಮಾತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮುಂದಿನ ಕೋಣೆಯ ಕಿಟಕಿ ಪಕ್ಕ ಮಿಷಿನ್ ಹಾಕಿಕೊಂಡು, ಕೊರಳಿಗೆ ಟೇಪು ನೇತುಹಾಕಿಕೊಂಡು ಕೂತವಳು ಅವಳು. "ನನ್ನ ಹೊಲಿಗೇಲಿ ಒಂದು ಬೆರಳು ಸಡಿಲ ತೋರಿಸಿ, ಕೂಲೀನೇ ಬಿಟ್ಟುಬಿಡ್ತೀನಿ" ಎಂದು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದಳು. ಇಲ್ಲಿಯವರೆಗೆ ಯಾರೂ ತೋರಿಸಿರಲಿಲ್ಲ. ತೋರಿಸುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳಿಗೆ ಅಪ್ಪನ ಮೈಕಟ್ಟು ಬಂದಿತ್ತು. ಹದಿನಾರಕ್ಕೇ ಅಗಲ ಭುಜ, ದಪ್ಪ ಮುಂಗೈ, ನೆಲಕ್ಕೆ ಊರಿ ನಿಲ್ಲುವ ಕಾಲು. "ಮೈಗೆ ಹಿಡಿದು ಹೊಲಿದ್ರೆ ಅಗಲ ಕಾಣಲ್ಲ" ಎಂದು ತಾಯಿ ಅವಳ ಬಟ್ಟೆಯನ್ನೆಲ್ಲ ಹಿಡಿದೇ ಹೊಲಿದಳು. ಹುಡುಗಿ ಕೈ ಎತ್ತಿದರೆ ಕಂಕುಳು ಕೊಯ್ಯುತ್ತಿತ್ತು, ಬಗ್ಗಿದರೆ ಬೆನ್ನಿಗೆ ಜಗ್ಗುತ್ತಿತ್ತು. ಹೇಳಿದರೆ, "ಮೊದಲು ಹಾಗೇ ಇರುತ್ತೆ, ಅಭ್ಯಾಸ ಆಗುತ್ತೆ" ಎಂಬ ಉತ್ತರ. ಹದಿನಾರು ವರ್ಷವಾದರೂ ಅಭ್ಯಾಸವಾಗಿರಲಿಲ್ಲ.

ಒಂದು ಮಂಗಳವಾರ ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಗಳು ಅಂದಳು. "ನಾನು ಏರ್ ರೈಫಲ್ ಕಲೀತೀನಿ."

ಟೈಲರಮ್ಮ ಬೇಳೆಯ ಸೌಟನ್ನು ಹಾಗೇ ಹಿಡಿದು ನಿಂತಳು. "ಏನು ಕಲೀತೀಯ?"

"ಗಾಳಿ ಬಂದೂಕು. ಹತ್ತು ಮೀಟರ್ ದೂರ ನಿಂತು ಕಾಗದಕ್ಕೆ ಗುರಿ ಇಟ್ಟು ಹೊಡೆಯೋದು. ಶಾಲೆಯಿಂದ ಕ್ರೀಡಾಂಗಣದ ಹಿಂದಿನ ಶೆಡ್ಡಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ಕೋಚಮ್ಮ ಎಲ್ಲರನ್ನೂ ನಿಲ್ಲಿಸಿ ನೋಡಿದ್ರು. ನನ್ನ ನೋಡಿ, ನೀನು ನಿಂತ್ರೆ ಗೋಡೆ ನಿಂತ ಹಾಗೆ ನಿಲ್ತೀಯ, ನೀನು ಬಾ ಅಂದ್ರು."

"ಗೋಡೆ ಅಂದಿದ್ದಕ್ಕೆ ಇಷ್ಟು ಖುಷಿನಾ ನಿನಗೆ?"

"ಹೂಂ" ಎಂದಳು ಮಗಳು, ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾ.

ಟೈಲರಮ್ಮನಿಗೆ ಅಲ್ಲೇ ಚುರ್ರೆಂದಿತು. ತಾನು ಹದಿನಾರು ವರ್ಷ ಕತ್ತರಿ ಹಿಡಿದು ಮುಚ್ಚಿದ್ದನ್ನು ಯಾವಳೋ ಒಬ್ಬಳು ಒಂದೇ ಮಾತಲ್ಲಿ ಹೊಗಳಿ ಕಳಿಸಿದ್ದಳು. "ಸಂಜೆ ಹೊತ್ತು ನೀನು ಅಲ್ಲಿ ಹೋಗಿ ಗೋಡೆ ಆದ್ರೆ ಇಲ್ಲಿ ಗುಂಡಿಗೆ ಕಾಜ ಹಾಕೋದು ಯಾರು? ಶಾಲೆ ಸಮವಸ್ತ್ರ ಗುಡ್ಡೆ ಬಿದ್ದಿದೆ" ಎಂದಳು.

"ಬೆಳಿಗ್ಗೆ ಎದ್ದು ಹಾಕ್ತೀನಿ."

"ನೀನು? ಬೆಳಿಗ್ಗೆ?"

ಬಸ್ ಡ್ರೈವರ್ ಆಗಿದ್ದ ಗಂಡ ಮೊಟ್ಟೆ ಸುಲಿಯುತ್ತಾ, "ಹೋಗ್ಲಿ ಬಿಡೇ, ಓಡಿ ಬಿದ್ದು ಮೊಣಕಾಲು ಒಡ್ಕೊಳ್ಳೋ ಆಟ ಅಲ್ವಲ್ಲ" ಎಂದ. ಮನೆಯಲ್ಲಿ ಅವನ ಮಾತಿಗೆ ಬೆಲೆ ಅಷ್ಟಕ್ಕಷ್ಟೇ. ಆದರೆ ಆ ದಿನ ಅವನ ಅಪ್ಪನ, ಅಂದರೆ ಟೈಲರಮ್ಮನ ಮಾವನ ಮಾತೂ ಅದಕ್ಕೆ ಸೇರಿಕೊಂಡಿತು. ಮಾವ ನಲವತ್ತು ವರ್ಷ ವೆಲ್ಡಿಂಗ್ ಮಾಡಿ ನಿವೃತ್ತನಾದವನು, ಮಾಡಲು ಕೆಲಸವಿಲ್ಲದೆ ಚಡಪಡಿಸುತ್ತಿದ್ದವನು.

"ಏರ್ ಗನ್ನಾ?" ಎಂದ ಅವನು. "ಅದರ ವಿಷಯ ನನ್ನ ಕೇಳಿ. ವರ್ಕ್‌ಶಾಪಿನ ಛಾವಣಿ ಮೇಲಿನ ಪಾರಿವಾಳ ಎಲ್ಲಾ ನಾನೇ ಓಡಿಸಿದ್ದು."

"ಯಾರೂ ನಿಮ್ಮನ್ನ ಕೇಳಲಿಲ್ಲ ಮಾವ" ಎಂದಳು ಟೈಲರಮ್ಮ.

ಕೇಳದಿದ್ದರೂ ಅವನು ಮೂರೇ ದಿನದಲ್ಲಿ ಹಳೇ ಗೆಳೆಯನ ಮನೆಯಿಂದ ಒಂದು ಬಂದೂಕು ಹೊತ್ತು ತಂದ. ನಡುವೆ ಮಡಚಿ ಗುಂಡು ತುಂಬುವಂಥದ್ದು, ಮೇಲೊಂದು ದುರ್ಬೀನು ಬೇರೆ. ಮೊಮ್ಮಗಳ ಜೊತೆ ತಾನೂ ಶೆಡ್ಡಿಗೆ ಹೋಗಿ ಎದೆಯುಬ್ಬಿಸಿ ಮೇಜಿನ ಮೇಲಿಟ್ಟ. ಹೋದಷ್ಟೇ ಬೇಗ ಹೊತ್ತುಕೊಂಡು ವಾಪಸು ಬಂದ.

"ಏನಂದ್ರು?" ಎಂದು ಕೇಳಿದಳು ಸೊಸೆ. ಕೇಳುವಾಗ ಅವಳಿಗೆ ಒಳಗೊಳಗೇ ಸಮಾಧಾನವಿತ್ತು.

"ಹಕ್ಕಿ ಓಡಿಸೋಕೆ ಭೇಷಾಗಿದೆಯಂತೆ. ಒಳಗಿನ ಸ್ಪ್ರಿಂಗು ಪ್ರತಿ ಏಟಿಗೂ ಒದೆಯುತ್ತಂತೆ, ದುರ್ಬೀನು ಸ್ಪರ್ಧೆಗೆ ನಡೆಯಲ್ವಂತೆ."

"ಬಂದೂಕು ಕ್ಲಬ್ಬಿನವರೇ ಕೊಡ್ತಾರಮ್ಮ" ಎಂದಳು ಮಗಳು. "ಮೊದಲ ವರ್ಷ ಯಾರೂ ಬಂದೂಕು ಕೊಳ್ಳಬಾರದಂತೆ. ಮೊದಲು ಚಪ್ಪಟೆ ಅಡಿಯ ಶೂ, ಎಡಗೈಗೆ ಒಂದು ಗ್ಲೌಸು, ಆಮೇಲೆ ಕೋಟು. ಬಂದೂಕು ಎಲ್ಲಾದಕ್ಕಿಂತ ಕೊನೆಗೆ."

ಹಾಗೆ ಹೇಳಿದ್ದರೂ ಅಪ್ಪ ಮರುದಿನ ಮೆತ್ತನೆ ಅಡಿಯ ಓಟದ ಶೂ ತಂದುಕೊಟ್ಟ. ಅದರಲ್ಲಿ ನಿಂತರೆ ಮೈ ಓಲಾಡುತ್ತದೆಂದು ಅವೂ ವಾಪಸಾದವು. ಮಾವನ ಬಂದೂಕು ಬೀರುವಿನ ನೆತ್ತಿ ಸೇರಿತು. ಟೈಲರಮ್ಮ ದಿನಾ ಅದರ ಧೂಳು ಒರೆಸುವಾಗ, "ಗಂಡಸರ ಕೈಗೆ ಸಾಮಾನು ತರೋ ಕೆಲಸ ಕೊಟ್ರೆ ಇಷ್ಟೇ" ಎಂದು ಇಬ್ಬರ ಕಿವಿಗೂ ಬೀಳುವಂತೆ ಗೊಣಗುತ್ತಿದ್ದಳು. ಆಗ ಅವಳ ಸರದಿ ಇನ್ನೂ ಬಂದಿರಲಿಲ್ಲ.

ಮಗಳು ನಿಜವಾಗಿಯೂ ಬೆಳಿಗ್ಗೆ ಐದಕ್ಕೆ ಎದ್ದು ಕಾಜ ಹಾಕಿದಳು. ಸಂಜೆ ಶೆಡ್ಡು. ಮೂರು ತಿಂಗಳಲ್ಲಿ ಅವಳ ಮಾತು ಬದಲಾಯಿತು, ನಡಿಗೆ ಬದಲಾಯಿತು. ಭುಜ ಒಳಗೆಳೆದು ನಡೆಯುತ್ತಿದ್ದವಳು ಭುಜ ಬಿಟ್ಟು ನಡೆಯತೊಡಗಿದಳು. ತಾಯಿಯ ಕಣ್ಣಿಗೆ ಮೊದಲು ಬಿದ್ದದ್ದು ಭುಜದ ಹೊಲಿಗೆ ಬಿಡುತ್ತಿರುವುದು.

ಜೊತೆಗೆ ಬೆನ್ನು ನೋವೂ ಬಂತು. ನಾಲ್ಕೂವರೆ ಕಿಲೋ ಬಂದೂಕನ್ನು ಎತ್ತಿ ಹಿಡಿದು ಗಂಟೆಗಟ್ಟಲೆ ನಿಲ್ಲಬೇಕು. ಅದಕ್ಕೇ ಬೆನ್ನಿಗೆ ಆಸರೆಯಾಗುವ ಗಟ್ಟಿ ಕ್ಯಾನ್ವಾಸಿನ ಕೋಟು. ಕ್ಲಬ್ಬಿನಲ್ಲಿ ಇದ್ದದ್ದು ಒಂದೇ ಕೋಟು, ಎಲ್ಲರೂ ಸರದಿಯ ಮೇಲೆ ಹಾಕಿಕೊಳ್ಳುತ್ತಿದ್ದರು. ಮುಂದಿನ ತಿಂಗಳು ನಡೆಯಲಿದ್ದ ಸ್ಪರ್ಧೆಯ ದಿನ ಅದು ಹಿರಿಯ ಹುಡುಗಿಯೊಬ್ಬಳ ಪಾಲು. ಆ ಸ್ಪರ್ಧೆಯ ಮೇಲೆಯೇ ಎಲ್ಲ ನಿಂತಿತ್ತು. ನಾನೂರಕ್ಕೆ ಮುನ್ನೂರ ಎಪ್ಪತ್ತು ಅಂಕ ತೆಗೆದರೆ ಕ್ಲಬ್ಬಿನ ಬಂದೂಕು ಇನ್ನೊಂದು ವರ್ಷ ಅವಳ ಹೆಸರಲ್ಲಿ. ಇಲ್ಲದಿದ್ದರೆ ಕಾಯುತ್ತಿರುವವರಲ್ಲಿ ಮುಂದಿನವರಿಗೆ, ಇವಳು ಮತ್ತೆ ಸಾಲಿನ ಕೊನೆಗೆ.

"ಕೋಟು ಹಾಕ್ಕೊಂಡ್ರೆ ನಂಗೆ ಮುನ್ನೂರ ಎಪ್ಪತ್ತೆಂಟು ಬರುತ್ತಮ್ಮ. ಇಲ್ದಿದ್ರೆ ಬರಲ್ಲ" ಎಂದಳು ಮಗಳು. "ಅಂಗಡೀಲಿ ಕೊಳ್ಳೋಕೆ ಆಗಲ್ಲ, ಗೊತ್ತು. ಅಪ್ಪನ ಎರಡು ತಿಂಗಳ ಸಂಬಳ."

"ಬರೀ ಒಂದು ಕೋಟ್‌ಗೆ? ಯಾವನು ಹೊಲಿಯೋದು ಅದನ್ನ, ಬಂಗಾರದ ಸೂಜೀಲಿ? ಒಂದು ಸಂಜೆ ಆ ಕೋಟು ತಂದು ತೋರಿಸು. ನಾನು ಹೊಲೀತೀನಿ."

ಮಗಳು ತಂದಳು. ಟೈಲರಮ್ಮ ಅದನ್ನು ಮೇಜಿನ ಮೇಲೆ ಹರಡಿ, ಒಳಗೆ ಹೊರಗೆ ತಿರುವಿ ಮೂಗು ಮುರಿದಳು. "ಇದು ಕೋಟಾ, ಗೋಣಿಚೀಲನಾ? ಮುಂದೆ ನೋಡು, ಹೊಟ್ಟೆ ಹತ್ರ ಒಂದು ಮಗು ಕೂರಿಸಬಹುದು."

"ಅದು ಹಾಗೇ ಇರಬೇಕಂತಮ್ಮ. ಸಡಿಲ ಇರಬೇಕು ಅಂತ ನಿಯಮ. ತಗೋ, ಎಲ್ಲಾ ಈ ಹಾಳೆಗಳಲ್ಲಿದೆ. ಕೋಚಮ್ಮ ನಿನಗೇ ಕೊಡು ಅಂದ್ರು."

"ಅಲ್ಲಿಡು, ನೋಡ್ತೀನಿ."

ನೋಡಿದ್ದು ಮೊದಲ ಹಾಳೆ ಮಾತ್ರ. ಬಟ್ಟೆಯ ದಪ್ಪ ಎಲ್ಲೂ ಎರಡೂವರೆ ಮಿಲಿಮೀಟರ್ ಮೀರಬಾರದು ಎಂದು ಅಲ್ಲಿತ್ತು. ಅಷ್ಟು ಓದಿದ್ದೇ ಅವಳೊಳಗಿನ ಟೈಲರು ಎದ್ದು ಕೂತಳು. ದಪ್ಪ ಕ್ಯಾನ್ವಾಸಿಗೆ ಹೊಲಿಗೆ ಬಿದ್ದ ಕಡೆಯೆಲ್ಲ ಬಟ್ಟೆ ಮೇಲೆ ಬಟ್ಟೆ ಬಂದು ದಪ್ಪವಾಗುತ್ತದೆ. ಹಾಗಾಗದಂತೆ ಹೊಲಿಯುವುದು ಎಲ್ಲರ ಕೈಯಲ್ಲಿ ಆಗುವ ಮಾತಲ್ಲ. ಹೊಲಿಗೆಯ ಒಳಗೆ ಬಿಡುವ ಬಟ್ಟೆಯನ್ನು ಪೂರಾ ಕತ್ತರಿಸಿ ತೆಗೆಯಬೇಕು, ಅಂಚಿಗೆ ಅಂಚು ತಾಗಿಸಿ ಹೊಲಿಯಬೇಕು. ಅವಳಿಗೆ ಅದೇ ಹುಚ್ಚು ಹಿಡಿಯಿತು. ಉಳಿದ ಹಾಳೆಗಳು ಗಟ್ಟಿ ಕಾಗದದವು, ತೋಳಿನ ಅಚ್ಚು ಕತ್ತರಿಸಲು ಹೇಳಿ ಮಾಡಿಸಿದ ಹಾಗಿದ್ದವು. ಕತ್ತರಿಸಿದಳು.

ಗಂಡ ಲಾರಿಗೆ ಟಾರ್ಪಾಲಿನ್ ಹಾಕುವವರ ಹತ್ತಿರ ಹೇಳಿ ಒಳ್ಳೆಯ ಕ್ಯಾನ್ವಾಸ್ ತಂದ. ಮಾವ ಹಳೇ ವೆಲ್ಡಿಂಗ್ ಏಪ್ರನ್ನಿನ ಚರ್ಮವನ್ನು ಮೊಣಕೈಗೆ, ಭುಜಕ್ಕೆ ಹಾಕಲು ಕೊಟ್ಟ. ಮೂರು ವಾರ ಮನೆಯಲ್ಲಿ ಅದೇ ಕೆಲಸ. ಎಂಟು ಸೂಜಿ ಮುರಿದವು. ಅಡಿಗೆಗೆ ಬೇಳೆಯೇ ಗತಿಯಾಯಿತು.

"ಏನಮ್ಮ, ಇವತ್ತೂ ಬೇಳೆನೇನಾ?" ಎಂದು ಮಾವ ರಾಗ ಎಳೆದರೆ, "ನಿಮ್ಮ ಮೊಮ್ಮಗಳನ್ನ ಕೇಳಿ" ಎಂಬ ಉತ್ತರ ಸಿದ್ಧವಿತ್ತು.

ಸ್ಪರ್ಧೆಗೆ ಒಂದು ವಾರವಿದ್ದಾಗ ಟ್ರಯಲ್ ಆಯಿತು. ಟೈಲರಮ್ಮ ಬಾಯಿ ತುಂಬ ಪಿನ್ನು ಕಚ್ಚಿಕೊಂಡು ಮಗಳ ಸುತ್ತ ತಿರುಗಿ ತಿರುಗಿ ಹಿಡಿದಳು.

"ಅಮ್ಮ, ಬಿಗಿ ಆಗ್ತಿದೆ."

"ಉಂ."

"ಅಮ್ಮ, ಮುಂದೆ ಎಷ್ಟೋ ಸೆಂಟಿಮೀಟರ್ ಜಾಸ್ತಿ ಬರಬೇಕು. ಹಾಳೇಲಿ ಇತ್ತಲ್ಲ, ನೋಡು ಇನ್ನೊಂದ್ಸಲ."

ಟೈಲರಮ್ಮ ಪಿನ್ನುಗಳನ್ನು ಅಂಗೈಗೆ ಉಗಿದಳು. "ನನ್ನ ಅಳತೆ ನಂಗೆ ಹೇಳಿಕೊಡಬೇಡ. ಸಡಿಲ ಹೊಲಿಯೋದು ಕೆಲಸ ಬರದವರು. ಈ ಮೈಗೆ ಆ ಗೋಣಿಚೀಲ ಹಾಕ್ಕೊಂಡು ನಾಲ್ಕು ಜನರ ಮುಂದೆ ನಿಂತ್ರೆ ಹೇಗೆ ಕಾಣ್ತೀಯ ಗೊತ್ತಾ?"

"ಹೇಗೆ ಕಾಣ್ತೀನಿ?"

ತಾಯಿ ಪಿನ್ನುಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು. ಮಗಳು ಕೈ ಚಾಚಿ ನಿಂತಳು.

ಸಮವಸ್ತ್ರದ ಗಡಿಬಿಡಿಯಲ್ಲಿ ಕೋಟು ಮುಗಿದದ್ದು ಸ್ಪರ್ಧೆಯ ಹಿಂದಿನ ದಿನ. ಕೋಚಮ್ಮನಿಗೆ ತೋರಿಸೋಣವೆಂದರೆ ಆಕೆ ಸ್ಪರ್ಧೆಯ ಏರ್ಪಾಟಿಗೆ ಆಗಲೇ ಹೋಗಿಬಿಟ್ಟಿದ್ದಳು. ಮಗಳು ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅಪ್ಪ, "ಅಬ್ಬಾ, ಅಂಗಡಿಯವರು ಬಂದು ಕಲೀಬೇಕು" ಎಂದ. ಮಾವ ಹೊಲಿಗೆಯ ಮೇಲೆ ಉಗುರು ಎಳೆದು, "ನಾನು ವೆಲ್ಡ್ ಮಾಡಿದ್ರೂ ಇಷ್ಟು ಸಾಫಾಗಿ ಬರ್ತಿರಲಿಲ್ಲ" ಎಂದ. ಸೊಸೆಗೆ ಮಾವ ಇಟ್ಟುಕೊಂಡಿದ್ದ ಹೊಗಳಿಕೆ ಅಷ್ಟೂ ಆ ಒಂದು ಮಾತಿಗೆ ಖರ್ಚಾಯಿತು. ಮಗಳು ಮಾತ್ರ ಗುಂಡಿ ಬಿಚ್ಚುವಾಗ ಉದ್ದ ಉಸಿರು ಬಿಟ್ಟಳು.

ಸ್ಪರ್ಧೆಯ ದಿನ ತಾಯಿ ಮಗಳು ಇಬ್ಬರೇ ಬಸ್ಸಿನಲ್ಲಿ ಹೋದರು. ಗುರಿ ಹೊಡೆಯುವ ಸಭಾಂಗಣದ ಹೊರಗೆ ಒಂದು ಉದ್ದ ಮೇಜು. ಅಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಎಲ್ಲರ ಸಾಮಾನು ತಪಾಸಣೆ ಮಾಡುತ್ತಿದ್ದಳು. ತಾಯಂದಿರು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರಬೇಕು. ಟೈಲರಮ್ಮ ಕೂರದೆ ಬಾಗಿಲಿಗೆ ಒರಗಿ ನಿಂತಳು.

ತಪಾಸಣೆಯವಳು ಕೋಟಿನ ಬಟ್ಟೆಯನ್ನು ಇಕ್ಕಳದಂಥ ಯಂತ್ರದಲ್ಲಿ ಹತ್ತು ಕಡೆ ಒತ್ತಿ ನೋಡಿದಳು. ಹೊಲಿಗೆ ಬಿದ್ದ ಕಡೆಯೂ ಮುಳ್ಳು ಎರಡೂವರೆ ದಾಟಲಿಲ್ಲ. ಅವಳ ಹುಬ್ಬು ಮೇಲೇರಿತು.

"ಹೊಲಿಗೆ ಬಹಳ ಚೆನ್ನಾಗಿದೆ. ಎಲ್ಲಿ ಮಾಡಿಸಿದ್ದು?" ಎಂದು ಕೇಳಿದಳು. ಟೈಲರಮ್ಮ ಬಾಗಿಲು ಬಿಟ್ಟು ನೆಟ್ಟಗೆ ನಿಂತಳು.

ಮಗಳು ಮಾತು ಬೇರೆ ಕಡೆ ತಿರುಗಿಸಿದಳು. "ತಪಾಸಣೆ ಮುಗೀತಾ ಮೇಡಂ?"

"ಇನ್ನೊಂದಿದೆ. ಹಾಕ್ಕೋ. ಗುಂಡಿ ಹಾಕಬೇಡ. ಕೈ ಇಳಿಬಿಟ್ಟು ನಿಲ್ಲು." ಹೆಂಗಸು ಕೋಟಿನ ಎರಡು ಅಂಚನ್ನೂ ಹಿಡಿದು ಒಂದರ ಮೇಲೊಂದು ಎಳೆದಳು. ಮತ್ತೆ ಎಳೆದಳು. ಅಳತೆಪಟ್ಟಿ ಇಟ್ಟಳು. "ಗುಂಡಿ ಬೀಳೋ ಜಾಗ ದಾಟಿ ಏಳು ಸೆಂಟಿಮೀಟರ್ ಬರಬೇಕಮ್ಮ. ನಾಲ್ಕೇ ಬರ್ತಿದೆ. ಇಷ್ಟು ಬಿಗಿ ಇದ್ರೆ ಕೋಟೇ ನಿನ್ನ ಹಿಡಿದು ನಿಲ್ಲಿಸುತ್ತೆ, ನೀನು ನಿಂತ ಹಾಗಾಗಲ್ಲ. ಇದು ನಡೆಯಲ್ಲ. ಯಾರು ಹೊಲಿದಿದ್ದು ಇದನ್ನ, ಹಾಳೆ ಕೊಟ್ಟಿರಲಿಲ್ವಾ ಅವರಿಗೆ?"

"ಗೊತ್ತಿಲ್ಲ ಮೇಡಂ" ಎಂದಳು ಮಗಳು. "ಹಳೇದು ಸಿಕ್ಕಿತ್ತು, ತಗೊಂಡೆ."

ಟೈಲರಮ್ಮನ ಕಿವಿ ಬಿಸಿಯಾಯಿತು. ಆದರೂ ಸುಮ್ಮನೆ ನಿಲ್ಲುವ ಜಾಯಮಾನ ಅವಳದಲ್ಲ. ಚೀಲದಲ್ಲಿ ಯಾವಾಗಲೂ ಇರುವ ಸೂಜಿದಾರ ತೆಗೆದು ಮೇಜಿನ ಹತ್ತಿರ ಹೋದಳು. "ಗುಂಡಿ ಜರುಗಿಸಿದ್ರೆ ಆಗುತ್ತಾ?"

"ಆಗುತ್ತೆ. ಹತ್ತು ನಿಮಿಷ ಕೊಡ್ತೀನಿ. ನೀವು?"

"ಅವಳ ಅಮ್ಮ."

"ಓ. ನಿಮಗೆ ಹೊಲಿಗೆ ಬರುತ್ತಾ?"

"ಸ್ವಲ್ಪ ಬರುತ್ತೆ" ಎಂದಳು ಟೈಲರಮ್ಮ.

ಐದು ಗುಂಡಿ ಕಿತ್ತು, ಅಂಚಿನ ತುದಿಗೆ ತಂದು ಹಾಕಿದಳು. ಅದಕ್ಕಿಂತ ಆಚೆಗೆ ಬಟ್ಟೆಯೇ ಇರಲಿಲ್ಲ. ಬಿಚ್ಚಿ ಸಡಿಲ ಮಾಡೋಣವೆಂದರೆ ಹೊಲಿಗೆಯ ಒಳಗೂ ಒಂದು ನೂಲಿನಷ್ಟು ಹೆಚ್ಚುವರಿ ಬಟ್ಟೆ ಇರಲಿಲ್ಲ. ಶಾಲೆ ಮಕ್ಕಳ ಸಮವಸ್ತ್ರಕ್ಕೂ ಎರಡು ಬೆರಳು ಒಳಗೆ ಬಿಡುವವಳು, ಇದೊಂದರಲ್ಲಿ ಎಲ್ಲವನ್ನೂ ಕತ್ತರಿಸಿ ಬಿಸಾಡಿದ್ದಳು. ತಪಾಸಣೆಯವಳು ಮತ್ತೆ ಎಳೆದು ಅಳೆದಳು. ಐದೂವರೆ.

"ಕೋಟಿಲ್ಲದೆ ಹೊಡೀಬಹುದು, ಅದಕ್ಕೆ ಅಡ್ಡಿ ಇಲ್ಲ" ಎಂದಳು ಆಕೆ. ಮುಂದಿನವರನ್ನು ಕರೆದಳು.

ಮಗಳು ಸ್ವೆಟರಿನಲ್ಲೇ ನಿಂತು ನಲವತ್ತು ಗುಂಡು ಹೊಡೆದಳು. ಮೊದಲ ಇಪ್ಪತ್ತು ಚೆನ್ನಾಗಿದ್ದವು. ಆಮೇಲೆ ಬೆನ್ನು ಸೋಲುತ್ತಿರುವುದು ಗಾಜಿನ ಈಚೆಗೆ ನಿಂತಿದ್ದ ತಾಯಿಗೂ ಕಾಣುತ್ತಿತ್ತು. ಮುನ್ನೂರ ಅರವತ್ತಾರು ಬಂತು. ನಾಲ್ಕು ಅಂಕ ಸಾಲದೆ ಹೋಯಿತು.

ವಾಪಸು ಬಸ್ಸಿನಲ್ಲಿ ಮೂರು ನಿಲ್ದಾಣ ದಾಟಿದವು. ಆಮೇಲೆ ಟೈಲರಮ್ಮನಿಗೆ ತಡೆಯಲಾಗಲಿಲ್ಲ. "ಹಳೇದು ಸಿಕ್ಕಿತ್ತು ಅಂದ್ಯಲ್ಲ. ನನ್ನ ಹೆಸರು ಹೇಳೋಕೆ ಅಷ್ಟು ನಾಚಿಕೆನಾ?"

ಮಗಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. "ಹೇಳಿದ್ರೆ ನಿನ್ನ ಕರೆದು ಕೇಳ್ತಿದ್ರು, ಹಾಳೆ ಓದಲಿಲ್ವಾ ಅಂತ. ಎಲ್ಲರ ಮುಂದೆ ಏನು ಹೇಳ್ತಿದ್ದೆ?"

ಟೈಲರಮ್ಮ ಕೋಪಕ್ಕೆ ದಾರಿ ಸಿಗದೆ, ಚಿಲ್ಲರೆ ತಡವಾಗಿ ಕೊಟ್ಟನೆಂದು ಕಂಡಕ್ಟರ್ ಮೇಲೆ ಹರಿಹಾಯ್ದಳು.

ಆ ವಾರವಿಡೀ ಮನೆಯಲ್ಲಿ ಮಾತೆಲ್ಲ ಅಡ್ಡದಾರಿಯಲ್ಲಿ ಓಡಾಡಿತು. ಮಗಳು ತಾತನಿಗೆ ಹೇಳಿದ್ದನ್ನು ತಾತ ಸೊಸೆಗೆ ಹೇಳುತ್ತಿದ್ದ. ಬೆಳಿಗ್ಗೆ ಐದಕ್ಕೆ ಯಾರೂ ಏಳಲಿಲ್ಲ. ಕಾಜ ಹಾಕದ ಅಂಗಿಗಳು ಕುರ್ಚಿ ತುಂಬಿ ನೆಲಕ್ಕೆ ಬಂದವು.

"ನೀನಾದ್ರೂ ಒಂದು ಮಾತು ಆಡಬಾರದಾ ಅವಳ ಹತ್ರ?" ಎಂದ ಗಂಡ, ಊಟದ ಡಬ್ಬಿ ಮುಚ್ಚುತ್ತಾ.

"ಏನಂತ ಆಡ್ಲಿ? ನಾನು ಮೂರು ವಾರ ಕಣ್ಣು ಕಿತ್ಕೊಂಡು ಹೊಲಿದೆ."

"ಅದನ್ನ ಯಾರೂ ಇಲ್ಲ ಅನ್ನಲಿಲ್ಲ."

"ಮತ್ತೆ?"

"ಮತ್ತೇನಿಲ್ಲ. ನಾನು ಶೂ ತಂದೆ, ಅಪ್ಪ ಬಂದೂಕು ತಂದ್ರು, ನೀನು ಕೋಟು ಹೊಲಿದೆ. ನಮ್ಮ ಶೂನ, ಬಂದೂಕನ್ನ ಮರುದಿನವೇ ಬೇಡ ಅಂದ್ಳು. ನಿನ್ನ ಕೋಟು ಮಾತ್ರ ಬೇಡ ಅನ್ನೋಕೆ ಹೆದರಿದ್ಳು."

ಅವನು ಡ್ಯೂಟಿಗೆ ಹೋದ ಮೇಲೆ ಅವಳು ಅಚ್ಚುಗಳ ಕಟ್ಟು ಬಿಚ್ಚಿದಳು. ತೋಳಿನ ಆಕಾರಕ್ಕೆ ಕತ್ತರಿಸಿದ್ದ ಹಾಳೆಯ ಹಿಂದೆ, ಕಂಕುಳಿನ ತಿರುವಿನ ಪಕ್ಕದಲ್ಲೇ, ಆ ಸಾಲಿತ್ತು. ಕೋಟು ಮೈಮೇಲೆ ಸಡಿಲವಾಗಿರಬೇಕು, ಏಳು ಸೆಂಟಿಮೀಟರ್. ಕೋಚಮ್ಮ ಅದರ ಕೆಳಗೆ ಪೆನ್ನಿನಲ್ಲಿ ಎರಡು ಗೆರೆ ಬೇರೆ ಎಳೆದಿದ್ದಳು. ಅಂಗಿಗೆ ಬಂದ ಗಿರಾಕಿಯೊಬ್ಬಳನ್ನು ಟೈಲರಮ್ಮ ನಾಳೆ ಬಾ ಎಂದು ಕಳಿಸಿದಳು.

ಭಾನುವಾರ ಕ್ಲಬ್ಬಿನ ಬಂದೂಕು ವಾಪಸು ಒಪ್ಪಿಸುವ ದಿನ. "ನಾನೂ ಬರ್ತೀನಿ" ಎಂದು ಹೊರಟಳು ತಾಯಿ. ಮಗಳ ಒಂದು ಕೈಯಲ್ಲಿ ಬಂದೂಕಿನ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಒಂದು ಚೀಲ.

ಶೆಡ್ಡು ಟೈಲರಮ್ಮ ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಬಂದೂಕುಗಳು ಸಿಡಿಯುವ ಬದಲು ಫುಸ್ ಎನ್ನುತ್ತಿದ್ದವು. ಅವಳು ನೇರ ಕೋಚಮ್ಮನ ಹತ್ತಿರ ಹೋಗಿ ನಿಂತಳು.

"ಕೋಟು ನಾನು ಹೊಲಿದಿದ್ದು" ಎಂದಳು. "ಹಾಳೆ ಓದಲಿಲ್ಲ. ಅವಳು ಹೇಳಿದ್ಳು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪು ನಂದು. ಅವಳಿಂದ ಬಂದೂಕು ತಗೋಬೇಡಿ."

ಕೋಚಮ್ಮ ಒಳ್ಳೆಯವಳೇ, ಆದರೆ ಮಾತು ಕಡಿಮೆ. "ತಪ್ಪು ಯಾರದಾದ್ರೂ ಅಂಕ ಅಷ್ಟೇ ಅಲ್ವೇನಮ್ಮ. ಇದಕ್ಕೆ ಮೂರು ತಿಂಗಳಿಂದ ಕಾಯ್ತಿರೋಳು ಅಲ್ಲಿದ್ದಾಳೆ."

ಗೋಡೆಯ ಪಕ್ಕ ಒಬ್ಬ ಸಣಕಲು ಹುಡುಗಿ ನಿಂತಿದ್ದಳು. ಎಲ್ಲರೂ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಟೈಲರಮ್ಮನ ಮಗಳು ಪೆಟ್ಟಿಗೆಯನ್ನು ಅವಳ ಕಾಲ ಬಳಿ ಇಟ್ಟಳು. ಚೀಲದಿಂದ ಕೋಟು ತೆಗೆದಳು. ಅದನ್ನೂ ಇವಳಿಗೇ ಕೊಡುತ್ತಾಳೆಂದು ತಾಯಿಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ.

"ಹಾಕ್ಕೋ. ನಿನಗೆ ಕೋಟಿಲ್ಲ ಅಲ್ವಾ" ಎಂದಳು ಮಗಳು.

ಕಡ್ಡಿ ತೋಳು ತೂರಿಸಿದಳು. ಕೋಚಮ್ಮ ಎರಡು ಅಂಚು ಹಿಡಿದು ಎಳೆದಳು. ಬಟ್ಟೆ ಸರಾಗವಾಗಿ ಒಂದರ ಮೇಲೊಂದು ಹೋಯಿತು. "ಏಳೂವರೆ" ಎಂದಳು ಅವಳು. "ಇದು ಪಾಸಾಗುತ್ತೆ."

ಟೈಲರಮ್ಮ ನೋಡುತ್ತಿದ್ದಳು. ಭುಜ ಇಳಿಬಿದ್ದಿತ್ತು, ತೋಳು ಗೆಣ್ಣಿನವರೆಗೆ ಬಂದಿತ್ತು, ಬೆನ್ನಿನಲ್ಲಿ ಒಂದು ಹಿಡಿ ಬಟ್ಟೆ ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಹೋದ ಒಂದು ಬಟ್ಟೆಯೂ ಯಾರ ಮೈಮೇಲೂ ಹೀಗೆ ನೇತಾಡಿರಲಿಲ್ಲ.

"ಆಂಟಿ, ನೀವೇ ಹೊಲಿದಿದ್ದಾ?" ಎಂದಳು ಕಡ್ಡಿ, ಚರ್ಮದ ಮೇಲೆ ಕೈಯಾಡಿಸುತ್ತಾ. "ಎಷ್ಟು ಚೆನ್ನಾಗಿದೆ."

"ಎಲ್ಲಿ ಚೆನ್ನಾಗಿದೆ? ದೊಗಳೆ ಆಗಿದೆ" ಎಂದಳು ಟೈಲರಮ್ಮ. ಅವಳ ಕೈ ತಾನಾಗಿಯೇ ಹುಡುಗಿಯ ಬೆನ್ನ ಹಿಂದೆ ಹೋಗಿ, ನಿಂತಿದ್ದ ಬಟ್ಟೆಯನ್ನು ಬೆರಳಲ್ಲಿ ಹಿಡಿಯಿತು.

ಮಗಳು ತಾಯಿಯ ಕೈ ಹಿಡಿದು ಬಟ್ಟೆ ಬಿಡಿಸಿದಳು. ಬಿಡಿಸಿದ್ದು ಮೆಲ್ಲಗೇ.

"ಬಿಡಮ್ಮ" ಎಂದಳು. "ನನಗೂ ಇಷ್ಟೇ ದೊಗಳೆ ಬೇಕಿತ್ತು."